ಹೊಸ ಕುರ್ತಾ ಹಾಕಿದ ಮೇಲೆ ತುರಿಕೆ: ಚರ್ಮದ ಡಾಕ್ಟರನ್ನು ಕೇಳಿ

ಪ್ರಶ್ನೆ: ಡಾಕ್ಟರೇ, ನಮಸ್ತೆ. ಅಕ್ಕನ ಮಗಳ ನಾಮಕರಣಕ್ಕೆ ಅಂತ ಕಡು ನೀಲಿ ಕುರ್ತಾ ತಗೊಂಡಿದ್ದೆ. ಒಳಗೆ ಪಾಲಿಯೆಸ್ಟರ್ ಲೈನಿಂಗ್ ಇದೆ, ಅದೂ ನೀಲಿ. ಒಗೆಯದೆ ಹಾಗೇ ಹಾಕಿಕೊಂಡೆ. ಮೊದಲ ಸಲ ಏನೂ ಆಗಲಿಲ್ಲ. ಮೂರು ವಾರ ಬಿಟ್ಟು ಮತ್ತೆ ಹಾಕಿದಾಗ, ಮಾರನೇ ದಿನ ಸಂಜೆಗೆ ಕಂಕುಳ ಸುತ್ತ, ಕತ್ತಿನ ಹಿಂದೆ ಕೆಂಪಾಗಿ ಒಂದೇ ಸಮನೆ ತುರಿಕೆ. ಮೆಡಿಕಲ್ ಶಾಪಿನಲ್ಲಿ ಒಂದು ಟ್ಯೂಬ್ ಕೊಟ್ಟರು. ಹಚ್ಚಿದರೆ ಇಳಿಯುತ್ತೆ, ಬಿಟ್ಟರೆ ಮತ್ತೆ ಬರುತ್ತೆ. ಮನೆಯಲ್ಲಿ ಎಲ್ಲರೂ ಬೆವರುಸಾಲೆ ಅಂತಾರೆ. ಹೌದಾ?

ಉತ್ತರ: ಕಂಕುಳ ‘ಸುತ್ತ’ ಅಂತ ಬರೆದಿದ್ದೀರಲ್ಲ, ನನಗೆ ಅದೇ ಮುಖ್ಯ. ಕನ್ನಡಿ ಮುಂದೆ ಕೈ ಎತ್ತಿ ನೋಡಿ. ಕಂಕುಳ ಗುಳಿಯ ಚರ್ಮ ಚೆನ್ನಾಗಿದ್ದು, ಬಟ್ಟೆ ಉಜ್ಜುವ ಅಂಚು ಮಾತ್ರ ಕೆಂಪಾಗಿದ್ದರೆ ಬಟ್ಟೆಯ ಮೇಲೆ ಅನುಮಾನ ಪಡಬೇಕು. ಗುಳಿಯೊಳಗೇ ಕೆಂಪಾಗಿದ್ದರೆ ಡಿಯೋಡರೆಂಟ್ ಬಗ್ಗೆ ಯೋಚಿಸುತ್ತೇವೆ. ನನ್ನ ಹತ್ತಿರ ಬಂದ ಒಬ್ಬರ ಬೆನ್ನಲ್ಲಿ, ಲೈನಿಂಗಿನ ಹೊಲಿಗೆ ಎಲ್ಲಿ ಮುಗಿದಿತ್ತೋ ಅಲ್ಲಿಗೇ ಗೆರೆ ಎಳೆದ ಹಾಗೆ ಕೆಂಪು ನಿಂತಿತ್ತು.

ಬೆವರುಸಾಲೆ ಆಗಿದ್ದರೆ ಸಣ್ಣ ಸಣ್ಣ ಗುಳ್ಳೆ, ಸೂಜಿ ಚುಚ್ಚಿದ ಹಾಗೆ ಇರುತ್ತದೆ. ತಂಪಿನಲ್ಲಿದ್ದರೆ ಕೆಲವು ದಿನಕ್ಕೆ ತಾನೇ ಇಳಿಯುತ್ತದೆ. ನಿಮ್ಮದು ಹಾಗೆ ಕಾಣುತ್ತಿಲ್ಲ, ಬಟ್ಟೆ ತಾಕಿ ಬಂದ ಅಲರ್ಜಿ ಇರಬಹುದು.

ಮೊದಲ ಸಲ ಏನೂ ಆಗದೆ ಎರಡನೇ ಸಲ ಆಗಿದ್ದು ವಿಚಿತ್ರ ಅನಿಸಬಹುದು. ಆದರೆ ಈ ಅಲರ್ಜಿಯ ರೀತಿಯೇ ಅದು. ಒಂದು ವಸ್ತು ತನಗೆ ಆಗುವುದಿಲ್ಲ ಅಂತ ಮೈ ಗುರುತು ಹಿಡಿಯಲು ಸುಮಾರು 10ರಿಂದ 14 ದಿನ ಬೇಕು. ಆಮೇಲೆ ಅದೇ ಮತ್ತೆ ತಾಕಿದರೆ 1ರಿಂದ 3 ದಿನದಲ್ಲಿ ತುರಿಕೆ ಏಳುತ್ತದೆ.

ಪಾಲಿಯೆಸ್ಟರಿಗೆ ಹಾಕುವುದು ಡಿಸ್ಪರ್ಸ್ ಬಣ್ಣ. ಅದು ನೂಲಿಗೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ, ಒಳಗೆ ಸುಮ್ನೆ ಸೇರಿಕೊಂಡಿರುತ್ತದೆ. ಬೆವರು, ಉಜ್ಜಾಟ ಸೇರಿದರೆ ಚರ್ಮಕ್ಕೆ ಇಳಿಯುತ್ತದೆ. ಕಡು ನೀಲಿ, ಕಪ್ಪು ಬಟ್ಟೆಯಲ್ಲಿ ಈ ತೊಂದರೆ ಜಾಸ್ತಿ. ಡಿಸ್ಪರ್ಸ್ ಬ್ಲೂ 106 ಮತ್ತು 124 ಅನ್ನುವ ನೀಲಿ ಬಣ್ಣಗಳು ಇದಕ್ಕೆ ಹೆಸರಾದವು. ಸುಕ್ಕಾಗದ ಕಾಟನ್ ಶರ್ಟುಗಳಲ್ಲಿ ಬೇರೆ ಕಾರಣ: ಸುಕ್ಕಾಗದಿರಲಿ ಅಂತ ಬಟ್ಟೆಗೆ ಹಾಕುವ, ಫಾರ್ಮಾಲ್ಡಿಹೈಡ್ ಅನ್ನುವ ರಾಸಾಯನಿಕ ಬಿಡುವ ರಾಳ. ಹಾಕುವ ಮೊದಲು ಒಗೆದರೆ ಅದು ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ನಿಮ್ಮ ಕುರ್ತಾವನ್ನು ಒಗೆದು ಇನ್ನೊಂದು ಸಲ ಹಾಕಿ ನೋಡುವುದು ಬೇಡ. ಸದ್ಯಕ್ಕೆ ಸಡಿಲವಾದ, ತಿಳಿ ಬಣ್ಣದ ಹಳೆಯ ಕಾಟನ್ ಹಾಕಿಕೊಳ್ಳಿ.

ಆ ಟ್ಯೂಬಿನ ಮೇಲೆ ಏನು ಬರೆದಿದೆ? ಅದನ್ನು ಹೇಳಿ.

ಪ್ರಶ್ನೆ: ಕೈ ಎತ್ತಿ ನೋಡಿದೆ, ಗುಳಿ ಚೆನ್ನಾಗೇ ಇದೆ ಡಾಕ್ಟರೇ. ಟ್ಯೂಬಿನಲ್ಲಿ ಕ್ಲೋಬೆಟಾಸಾಲ್ ಅಂತ ಇದೆ, ಜೊತೆಗೆ ಇನ್ನೆರಡು ಹೆಸರು. ಇನ್ನೊಂದು ವಿಷಯ, ಹೇರ್ ಡೈ ಹಚ್ಚಿದಾಗಲೂ ನನಗೆ ಕಿವಿ ಹಿಂದೆ ತುರಿಸುತ್ತೆ.

ಉತ್ತರ: ಕ್ಲೋಬೆಟಾಸಾಲ್ ತುಂಬಾ ಜೋರಾದ ಸ್ಟೀರಾಯ್ಡ್. ದಯವಿಟ್ಟು ನೀವಾಗಿ ಹಚ್ಚುತ್ತಾ ಹೋಗಬೇಡಿ. ಕಂಕುಳಂಥ ಮಡಿಕೆ ಜಾಗದಲ್ಲಿ ಚರ್ಮ ತೆಳುವಾಗಿ, ಮತ್ತೆ ಮಾಸದ ಗೆರೆಗಳು ಬೀಳುತ್ತವೆ. ಅಕಸ್ಮಾತ್ ಅದು ಹುಳುಕಡ್ಡಿಯಾಗಿದ್ದರೆ ತುರಿಕೆ ಅಡಗಿದ ಹಾಗೆ ಕಂಡು ಒಳಗೊಳಗೇ ಹರಡುತ್ತದೆ. ಇಂಥ ಟ್ಯೂಬ್ ಹಚ್ಚಿ ಹಚ್ಚಿ ಗುರುತೇ ಸಿಗದ ಹಾಗೆ ಆದ ಹುಳುಕಡ್ಡಿಯನ್ನು ನೋಡಿ ನೋಡಿ ನನಗೆ ಬೇಜಾರಾಗಿದೆ. ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಿ. ಕುರ್ತಾ, ಟ್ಯೂಬ್ ಎರಡನ್ನೂ ತಗೊಂಡು ಹೋಗಿ.

ಹೇರ್ ಡೈ ವಿಷಯ ಹೇಳಿದ್ದು ಒಳ್ಳೆಯದಾಯಿತು. ಅದರಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ ಆಗದ ಕೆಲವರಿಗೆ ಬಟ್ಟೆಯ ಕೆಲವು ಬಣ್ಣಗಳೂ ಆಗುವುದಿಲ್ಲ. ಯಾವ ವಸ್ತು ಆಗುವುದಿಲ್ಲ ಅಂತ ತಿಳಿಯಲು ಪ್ಯಾಚ್ ಟೆಸ್ಟ್ ಮಾಡಿಸಿ. ಅನುಮಾನದ ವಸ್ತುಗಳನ್ನು ಹಾಕಿದ ಸಣ್ಣ ಪಟ್ಟಿಯನ್ನು ಬೆನ್ನಿಗೆ ಅಂಟಿಸಿ 2 ದಿನ ಬಿಡುತ್ತಾರೆ. ತೆಗೆದ ದಿನ ಒಮ್ಮೆ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನಿಗೆ ನೀರು ತಾಗಬಾರದು. ಅಲ್ಲಿಯವರೆಗೆ ಹೇರ್ ಡೈ ಬೇಡ.

ಇನ್ನೊಬ್ಬರ ಪ್ರಶ್ನೆ: ನಮ್ಮ ಅಮ್ಮನಿಗೆ ಸೊಂಟದ ಸುತ್ತ ಕಪ್ಪಗೆ ಗೆರೆ ಬಿದ್ದು ತುರಿಸುತ್ತೆ. ಅದೂ ಸೀರೆಯ ಬಣ್ಣವಾ ಸರ್?

ಉತ್ತರ: ಹೆಚ್ಚಿನ ಸಲ ಅದು ಲಂಗದ ಲಾಡಿಯಿಂದ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಗಿದು ಕಟ್ಟಿದರೆ ಉಜ್ಜಿ ಉಜ್ಜಿ ಚರ್ಮ ಕಪ್ಪಾಗಿ ದಪ್ಪವಾಗುತ್ತದೆ. ಲಾಡಿ ಬದಲು ಅಗಲವಾದ ಪಟ್ಟಿ ಹೊಲಿಸಿ. ಕಟ್ಟುವ ಜಾಗವನ್ನು ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಬದಲಾಯಿಸುತ್ತಿರಲಿ. ಅಲ್ಲಿ ಮಾಯದ ಹುಣ್ಣು ಅಥವಾ ಗಂಟು ಇದೆಯಾ ಅಂತ ಇವತ್ತೇ ನೋಡಿ. ಇದ್ದರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಪರೂಪಕ್ಕೆ ಅಂಥ ಹುಣ್ಣು ಕ್ಯಾನ್ಸರ್ ಆಗಿರುತ್ತದೆ. ಬೇಗ ಕಂಡುಹಿಡಿದರೆ ಕತ್ತರಿಸಿ ತೆಗೆಯಬಹುದು.