ಪರ್ಮಾಫ್ರಾಸ್ಟ್ ಕರಗಿದರೆ ನೆಲ ಯಾಕೆ ಕುಸಿಯುತ್ತದೆ?

ಪ್ರಶ್ನೆ: ಸೈಬೀರಿಯಾದ ಬಟಗೈಕಾ ಕುಳಿಯ ಫೋಟೋ ನೋಡಿ ದಂಗಾದೆ. ಸುಮಾರು ಒಂದು ಕಿಲೋಮೀಟರ್ ಉದ್ದ, ಇನ್ನೂ ಬೆಳೆಯುತ್ತಲೇ ಇದೆ. ಪರ್ಮಾಫ್ರಾಸ್ಟ್, ಅಂದರೆ ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ಮಣ್ಣು, ಕರಗಿದರೆ ಕೆಸರಾಗಬೇಕು ಅಷ್ಟೆ ಅಲ್ವಾ? ಇಡೀ ಇಳಿಜಾರು ಯಾಕೆ ಕುಸಿಯಬೇಕು?

ಉತ್ತರ: ಅಲ್ಲಿರುವುದು ಬರೀ ತೇವ ಅಲ್ಲ, ದೊಡ್ಡ ದೊಡ್ಡ ಐಸ್ ಗೋಡೆಗಳೇ ಮಣ್ಣಲ್ಲಿ ಹೂತಿವೆ. ಚಳಿಗೆ ನೆಲ ಬಿರುಕು ಬಿಟ್ಟು, ಹಿಮ ಕರಗಿದ ನೀರು ಆ ಬಿರುಕಿಗಿಳಿದು ಹೆಪ್ಪುಗಟ್ಟಿ, ಹೀಗೇ ಸಾವಿರಾರು ವರ್ಷ ದಪ್ಪವಾಗುತ್ತಾ ಬಂದ ಐಸ್ ಅದು. ಕೆಲವು ಕಡೆ ನೆಲದ ಅರ್ಧಕ್ಕಿಂತ ಜಾಸ್ತಿ ಭಾಗ ಐಸೇ. ಅದು ಕರಗಿದರೆ ಮೇಲಿನ ಮಣ್ಣಿಗೆ ಆಧಾರ ಎಲ್ಲಿದೆ? ಬಟಗೈಕಾದಲ್ಲಿ 1960ರ ದಶಕದಲ್ಲಿ ಕಾಡು ಕಡಿದ ಮೇಲೆ ನೆರಳು ಹೋಯಿತು, ನೆಲ ಬಿಸಿಯಾಯಿತು. ಈಗ ಹವಾಮಾನವೇ ಬಿಸಿಯಾಗಿರುವುದರಿಂದ ಅದು ನಿಲ್ಲುತ್ತಿಲ್ಲ.

ಇನ್ನೊಬ್ಬರು: ಎಲ್ಲಾ ಕಡೆ ಕುಳಿಯೇ ಆಗಬೇಕಿಲ್ಲ. ಸಮತಟ್ಟು ಜಾಗದಲ್ಲಿ ತಗ್ಗು ಬಿದ್ದು ಕೆರೆಯಾಗುತ್ತದೆ, ಆ ನೀರು ಕೆಳಗಿನ ಐಸನ್ನು ಮತ್ತಷ್ಟು ಕರಗಿಸುತ್ತದೆ. ಅಲಾಸ್ಕಾದ ಇಂಥ ಕೆರೆಗಳಿಂದ ಮೀಥೇನ್ ಗುಳ್ಳೆಗಳು ಏಳುತ್ತವೆ. ಕೆಲವೊಮ್ಮೆ ದಂಡೆ ಒಡೆದು ಕೆರೆಯೇ ಖಾಲಿ!

ಮತ್ತೊಬ್ಬರು: ನನಗೆ ನಿಜವಾಗಿ ಭಯ ಇಂಗಾಲದ್ದು. ಮಣ್ಣು ಕರಗಿದರೆ ಅದರಲ್ಲಿ ಹೂತಿರುವ ಹಳೆಯ ಗಿಡಮರಗಳ ಅವಶೇಷ ಕೊಳೆತು, ಅದರ ಇಂಗಾಲ ಭೂಮಿಯನ್ನು ಬಿಸಿ ಮಾಡುವ ಅನಿಲವಾಗಿ (ಮೀಥೇನ್ ಕೂಡ ಅಂಥದ್ದೇ) ಹೊರಬರುತ್ತದೆ. ವಾತಾವರಣದಲ್ಲಿ ಇರುವುದರ ಸುಮಾರು ಎರಡು ಪಟ್ಟು ಇಂಗಾಲ ಉತ್ತರದ ಆ ನೆಲದಲ್ಲಿದೆ. ಒಂದೇ ದಿನ ಎಲ್ಲಾ ಸ್ಫೋಟಿಸುತ್ತದೆ ಅನ್ನುವ ಮಾತು ಸುಮ್ನೆ ಹೆದರಿಸುವುದು, ಅದು ದಶಕಗಟ್ಟಲೆ ಸೋರುತ್ತದೆ. ಆದರೆ ನೆಲ ಕುಸಿದ ಕಡೆ ಆಳದ ಮಣ್ಣು ಬೇಗ ಬಯಲಾಗುತ್ತದೆ, ಅದನ್ನು ಮತ್ತೆ ಹೆಪ್ಪುಗಟ್ಟಿಸಲು ನಮ್ಮ ಕೈಲಿ ಆಗುವುದಿಲ್ಲ.