ಕೋಚ್‌ಗೆ ಕೇಳಿ: ಝೋನ್ ರೀಡ್ ನಡೀತಿಲ್ಲ, ಜೊತೆಗೆ ಯಾವ ಆಪ್ಷನ್ ಪ್ಲೇ ಸೇರಿಸೋದು?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರದ ವಿಷಯ ಆಪ್ಷನ್ ಓಟ. ಓಹಾಯೊದ ಒಂದು ಹೈಸ್ಕೂಲಿನಲ್ಲಿ ರನ್ ಗೇಮ್ ನೋಡಿಕೊಳ್ಳುವ ನಮ್ಮ ಗುಂಪಿನ ಕೋಚ್ ಉತ್ತರ ಕೊಡುತ್ತಾರೆ. ಮಕ್ಕಳು ಈ ವರ್ಷವಷ್ಟೇ ಅಮೆರಿಕನ್ ಫುಟ್‌ಬಾಲ್ ಸೇರಿದವರಿಗೆ ಎರಡು ಮಾತು: ಆಪ್ಷನ್‌ನಲ್ಲಿ ಡಿಫೆನ್ಸಿನ ಒಬ್ಬನನ್ನು ಬೇಕೆಂದೇ ಬ್ಲಾಕ್ ಮಾಡದೆ ಬಿಡುತ್ತಾರೆ. ಅವನು ಎತ್ತ ಹೋಗುತ್ತಾನೆ ಅಂತ ನೋಡಿಕೊಂಡು, ಮೊದಲು ಬಾಲ್ ಕೈಗೆ ಬರುವ ಕ್ವಾರ್ಟರ್‌ಬ್ಯಾಕ್ ಅದನ್ನು ಓಡುವವನಿಗೆ (ರನ್ನಿಂಗ್ ಬ್ಯಾಕ್) ಕೊಡುತ್ತಾನೆ, ಇಲ್ಲವೇ ತಾನೇ ಇಟ್ಟುಕೊಂಡು ಓಡುತ್ತಾನೆ. ಹೀಗೆ ನೋಡಿ ನಿರ್ಧರಿಸೋದೇ 'ರೀಡ್'. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಬೇಡ.

ರಾಲಿ ಅಪ್ಪ: ಕೋಚ್, ನಮಸ್ತೆ. ಮಗ ಕ್ವಾರ್ಟರ್‌ಬ್ಯಾಕ್. ನಾನು ಟೀಮಿಗೆ ಫಿಲ್ಮ್ ಕತ್ತರಿಸಿ ಕೊಡುವ ಕೆಲಸ ಮಾಡುತ್ತೇನೆ. ನಮ್ಮದು ಶಾಟ್‌ಗನ್‌ನಿಂದ, ಅಂದರೆ ಕ್ವಾರ್ಟರ್‌ಬ್ಯಾಕ್ ಸೆಂಟರ್‌ನಿಂದ ಕೆಲವು ಗಜ ಹಿಂದೆ ನಿಂತು, ಇನ್‌ಸೈಡ್ ಝೋನ್ ರೀಡ್. ಸೀಸನ್ ಶುರುವಿನಲ್ಲಿ ಚೆನ್ನಾಗಿ ನಡೆಯಿತು. ಈಗ ಡಿಫೆನ್ಸ್ ಸಾಲಿನ ತುದಿಯಲ್ಲಿ ನಿಲ್ಲುವ ಡಿಫೆನ್ಸಿವ್ ಎಂಡ್ ಒಳಕ್ಕೆ ನುಗ್ಗುತ್ತಾನೆ. ಮಗ ಹೇಳಿಕೊಟ್ಟ ಹಾಗೆ ಬಾಲ್ ಇಟ್ಟುಕೊಂಡು ಹೊರಗೆ ಓಡುತ್ತಾನೆ. ಅಲ್ಲಿ ಆ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಕಾದಿರುತ್ತಾನೆ. ಎರಡು ಗಜ ನಷ್ಟ. ನಮ್ಮ ಹೆಡ್ ಕೋಚ್ ಮಗನ ರೀಡ್ ತಪ್ಪು ಅಂತಾರೆ. ನನಗೆ ಹಾಗನ್ನಿಸಲ್ಲ.

ಕೋಚ್: ಮಗನ ರೀಡ್ ಸರಿ ಇದೆ. ಅವನನ್ನು ಬೈಯಬೇಡಿ. ಇದಕ್ಕೆ ಸ್ಕ್ರೇಪ್ ಎಕ್ಸ್‌ಚೇಂಜ್ ಅಂತಾರೆ. ಎಂಡ್ ಮತ್ತು ಲೈನ್‌ಬ್ಯಾಕರ್ ಕೆಲಸ ಅದಲು ಬದಲು ಮಾಡಿಕೊಂಡಿದ್ದಾರೆ. ಎಂಡ್ ರನ್ನಿಂಗ್ ಬ್ಯಾಕ್ ಮೇಲೆ ಬೀಳುತ್ತಾನೆ, ಲೈನ್‌ಬ್ಯಾಕರ್ ಅವನ ಹಿಂದಿನಿಂದ ಹೊರಗೆ ಜಾರಿ ಕ್ವಾರ್ಟರ್‌ಬ್ಯಾಕ್‌ಗೆ ಕಾಯುತ್ತಾನೆ. ನಿಮ್ಮ ಹುಡುಗ ಸರಿಯಾಗಿ ಓದಿದಷ್ಟೂ ಅವರಿಗೆ ಲಾಭ. ಖಾತ್ರಿ ಮಾಡಿಕೊಳ್ಳಬೇಕಾದರೆ ಫಿಲ್ಮ್‌ನಲ್ಲಿ ಎಂಡ್‌ನನ್ನು ಬಿಟ್ಟು ಲೈನ್‌ಬ್ಯಾಕರ್‌ನ ಮೊದಲ ಹೆಜ್ಜೆ ನೋಡಿ. ಸ್ನ್ಯಾಪ್ ಆದ ತಕ್ಷಣ (ಸೆಂಟರ್ ಬಾಲ್ ಹಿಂದಕ್ಕೆ ಕೊಟ್ಟ ಕೂಡಲೇ), ಬಾಲ್ ಯಾರ ಹತ್ತಿರ ಇದೆ ಅಂತ ಗೊತ್ತಾಗುವ ಮುಂಚೆಯೇ ಕಾಲು ಹೊರಗೆ ಬಿತ್ತು ಅಂದರೆ ಅದು ಎಕ್ಸ್‌ಚೇಂಜೇ.

ಈಗ ಏನು ಸೇರಿಸಬೇಕು ಅನ್ನೋದು. ನಾನಾದರೆ ಮೊದಲು ಆರ್ಕ್ ಅನ್ನೋ ಪ್ಲೇ. ಯಾಕೆಂದರೆ ಐದು ಜನ ಲೈನ್‌ಮನ್‌ಗಳು ಹೊಸದೇನೂ ಕಲಿಯಬೇಕಿಲ್ಲ. ಬದಲಾಗೋದು ಲೈನ್ ಹಿಂದೆ ನಿಂತು ಬ್ಲಾಕ್ ಮಾಡುವ ಎಚ್-ಬ್ಯಾಕ್ ಒಬ್ಬನ ಕೆಲಸ. ನಿಮ್ಮ ಹತ್ತಿರ ಸ್ಪ್ಲಿಟ್ ಝೋನ್ ಇದ್ದರೆ ಎಚ್-ಬ್ಯಾಕ್ ಈ ಬದಿಯಿಂದ ಆ ಬದಿಗೆ ಅಡ್ಡ ಓಡಿ ಎಂಡ್‌ನನ್ನು ಹೊರಗೆ ತಳ್ಳುತ್ತಾನೆ ಅಲ್ವಾ? ಈಗ ಅದೇ ದಾರಿಯಲ್ಲಿ ಓಡಲಿ. ಆದರೆ ಎಂಡ್‌ನನ್ನು ಮುಟ್ಟದೆ ಪಕ್ಕದಲ್ಲಿ ನುಸುಳಿ, ಜಾರಿ ಬರುತ್ತಿರುವ ಲೈನ್‌ಬ್ಯಾಕರ್‌ಗೆ ಹೋಗಿ ಬ್ಲಾಕ್ ಮಾಡಲಿ. ಎಂಡ್‌ನ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತದೆ. ಒಂದು ಸಲ ಪೆಟ್ಟು ತಿಂದಿದ್ದಾನೆ, ಮುಂದಿನ ಸಲ ತನ್ನ ಮೇಲೇ ಬರುತ್ತಾರೆ ಅಂತ ಒಂದು ಕ್ಷಣ ತಡೆಯುತ್ತಾನೆ. ಅಷ್ಟರಲ್ಲಿ ಕೊಟ್ಟ ಬಾಲ್ ಮಧ್ಯದಲ್ಲಿ ಹೋಗಿಯಾಯಿತು. ಒಂದಕ್ಕೊಂದು ಪೂರಕ ಪ್ಲೇ ಅಂದರೆ ಇದು. ಸುಮ್ನೆ ಹೊಸ ಪ್ಲೇ ಬರೆದರೆ ಪೂರಕ ಆಗಲ್ಲ. ಹಳೆಯದನ್ನು ತಡೆಯಲು ಅವರು ಏನು ಮಾಡುತ್ತಾರೋ, ಅದಕ್ಕೇ ಶಿಕ್ಷೆ ಕೊಡಬೇಕು.

ಆರ್ಕ್ ಕೂತ ಮೇಲೆ ಮಿಡ್‌ಲೈನ್. ಇಲ್ಲಿ ಎಂಡ್‌ನನ್ನು ಓದುವುದೇ ಇಲ್ಲ. ನಿಮ್ಮ ಗಾರ್ಡ್‌ನ (ಸೆಂಟರ್ ಪಕ್ಕದ ಲೈನ್‌ಮನ್) ಹೊರಭುಜದ ಮೇಲೆ ನಿಂತ ಡಿಫೆನ್ಸಿವ್ ಟ್ಯಾಕಲ್, ಅಂದರೆ ತ್ರೀ ಟೆಕ್ನಿಕ್, ಅವನನ್ನು ಬಿಡುತ್ತೀರಿ. ಗಾರ್ಡ್ ಅವನನ್ನು ದಾಟಿ ಲೈನ್‌ಬ್ಯಾಕರ್ ಮೇಲೆ ಹೋಗುತ್ತಾನೆ. ರನ್ನಿಂಗ್ ಬ್ಯಾಕ್ ಸೆಂಟರ್‌ನ ಬೆನ್ನ ಹಿಂದೆಯೇ ನೇರ. ತ್ರೀ ಟೆಕ್ನಿಕ್ ಒಳಗೆ ಮುಚ್ಚಿದರೆ ಹುಡುಗ ಇಟ್ಟುಕೊಂಡು ಅವನ ಹೊರಗಿನಿಂದ ಒಳನುಗ್ಗುತ್ತಾನೆ. ನುಗ್ಗಿ ಅಭ್ಯಾಸ ಆಗಿರುವ ಆ ಎಂಡ್‌ಗೆ ಈಗ ನಿಮ್ಮ ಲೈನಿನ ಟ್ಯಾಕಲ್ (ಗಾರ್ಡ್‌ನ ಹೊರಗಿನವನು) ಕಾದಿರುತ್ತಾನೆ. ತ್ರೀ ಟೆಕ್ನಿಕ್ ಯಾವ ಬದಿಗಿದ್ದಾನೋ ಆ ಬದಿಗೆ ಮಾತ್ರ ಕರೆಯಿರಿ. ಇನ್ನೊಂದು ಬದಿಗೆ ಕರೆದರೆ ಓದೋದಕ್ಕೇ ಯಾರೂ ಇರಲ್ಲ.

ಪಿಚ್, ಅಂದರೆ ಓಡುತ್ತಾ ಬಾಲನ್ನು ಪಕ್ಕದವನಿಗೆ ಎಸೆಯೋದು, ಕೊನೆಗೆ. ಸ್ನ್ಯಾಪ್‌ಗೆ ಮುಂಚೆಯೇ ಓಡುತ್ತಾ (ಮೋಷನ್) ಬಂದ ಸ್ಲಾಟ್ ಬ್ಯಾಕ್‌ಗೆ ಪಿಚ್ ಮಾಡುವ ಟ್ರಿಪಲ್ ಆಪ್ಷನ್ ಸೇರಿಸಿದರೆ ಜಾರುವ ಲೈನ್‌ಬ್ಯಾಕರ್ ಕೂಡ ಓದುವವನಾಗುತ್ತಾನೆ. ಅವರು ಇಬ್ಬರು, ನೀವು ಮೂವರು. ಪಿಚ್ ಹಿಡಿಯುವವನು ನಾಲ್ಕೈದು ಗಜ ಹೊರಗೆ, ಒಂದು ಗಜ ಹಿಂದೆ ಇರಬೇಕು. ಈ ಅಂತರ ಓಡುತ್ತಾ ಓಡುತ್ತಾ ಉಳಿಯಲು ವಾರಗಟ್ಟಲೆ ಬೇಕು. ಬಿದ್ದ ಪಿಚ್ ಸತ್ತ ಬಾಲ್ ಅಲ್ಲ, ಯಾರು ಹಿಡಿದರೆ ಅವರದ್ದು. ಸೀಸನ್ ಮಧ್ಯದಲ್ಲಿ ಇದನ್ನು ಕೈಗೆತ್ತಿಕೊಳ್ಳಬೇಡಿ.

ರಾಲಿ ಅಪ್ಪ: ತುಂಬಾ ಥ್ಯಾಂಕ್ಸ್ ಕೋಚ್. ಹೆಡ್ ಕೋಚ್‌ಗೆ ತೋರಿಸ್ತೀನಿ.

ಎಡಿಸನ್ ಅಮ್ಮ: ನಮ್ಮ ನ್ಯೂಜೆರ್ಸಿಯಲ್ಲಿ ಸೀಸನ್ ನಡುವೆ ವಾರಕ್ಕೆ 15 ನಿಮಿಷ ಮಾತ್ರ ಪೂರ್ತಿ ಕಾಂಟ್ಯಾಕ್ಟ್ ಪ್ರ್ಯಾಕ್ಟೀಸ್. ಅಷ್ಟರಲ್ಲಿ ಆಪ್ಷನ್ ಕಲಿಯೋದು ಹೇಗೆ?

ಕೋಚ್: ಆಪ್ಷನ್ ಕಲಿಯಲು ಡಿಕ್ಕಿ ಬೇಡ. ಎಂಡ್ ಜಾಗದಲ್ಲಿ ಒಬ್ಬ ಕೋಚ್ ಕೈಯಲ್ಲಿ ಶೀಲ್ಡ್ ಹಿಡಿದು ನಿಲ್ಲಲಿ. ಒಂದು ಸಲ ಒಳಗೆ, ಒಂದು ಸಲ ಹೊರಗೆ, ಮೊದಲು ನಡೆಯುತ್ತಾ. ಹುಡುಗ ಬಾಲನ್ನು ಬ್ಯಾಕ್‌ನ ಹೊಟ್ಟೆಗೆ ಹಿಡಿದು, ತನ್ನ ಮುಂದಿನ ಕಾಲಿನ ತನಕ ಅವನ ಜೊತೆಗೇ ಒಯ್ಯಬೇಕು. ಕಣ್ಣು ಬಾಲ್ ಮೇಲಲ್ಲ, ಎಂಡ್‌ನ ಭುಜದ ಮೇಲೆ. ಬ್ಯಾಕ್ ಬಾಲನ್ನು ಕಿತ್ತುಕೊಳ್ಳಬಾರದು, ಕೈ ಹಗುರವಾಗಿ ಮುಚ್ಚಿರಬೇಕು. ಬಿಟ್ಟ ಮೇಲೆ ಬಿಗಿ. ಅನುಮಾನ ಬಂದರೆ ಕೊಟ್ಟುಬಿಡು ಅಂತ ಹುಡುಗನಿಗೆ ಹೇಳಿ. ದಿನಾ ಹತ್ತು ನಿಮಿಷ ಮಾಡಿದರೆ ಸಾಕು.

ಆಸ್ಟಿನ್ ಮಾವ: 15 ನಿಮಿಷನಾ? ಹಹ್ಹ. ಟೆಕ್ಸಾಸ್‌ನಲ್ಲಿ 90 ನಿಮಿಷ. ಅದಕ್ಕೇ ನಮ್ಮ ಹುಡುಗರು ಫುಟ್‌ಬಾಲ್ ಆಡ್ತಾರೆ, ನಿಮ್ಮವರು ಡ್ಯಾನ್ಸ್ ಮಾಡ್ತಾರೆ.

ಎಡಿಸನ್ ಅಮ್ಮ: ಮಾವನವರೇ, ಡ್ಯಾನ್ಸ್ ಮಾಡೋ ಹುಡುಗರ ತಲೆ ನೆಟ್ಟಗಿರುತ್ತೆ.

ಫ್ರಿಸ್ಕೋ ಅಪ್ಪ: ಕೋಚ್, ಝೋನ್ ರೀಡ್ ಒಳ್ಳೇದಾ, ಹಳೇ ಆಪ್ಷನ್ ಪದ್ಧತಿ ವೀರ್ ಒಳ್ಳೇದಾ?

ಕೋಚ್: ನಿಮ್ಮ ಲೈನ್‌ಮನ್‌ಗಳಿಗೆ ಯಾವುದು ಬರುತ್ತದೋ ಅದು.

ಬೆಂಗಳೂರು ಚಿಕ್ಕಪ್ಪ: ಇದು ನಮ್ಮ ಕಬಡ್ಡಿ ಥರಾನೇ ಅಲ್ವಾ ಕೋಚ್?

ಕೋಚ್: ಅಲ್ಲ.

ಸ್ಯಾನ್ ಹೋಸೆ ಅಪ್ಪ: ಬೇಜಾರು ಮಾಡ್ಕೋಬೇಡಿ, ಆಪ್ಷನ್ ತಾತನ ಕಾಲದ ಆಟ. ಈಗ ಎಲ್ಲಾ ಪಾಸಿಂಗ್.

ಆಸ್ಟಿನ್ ಮಾವ: ತಾತನ ಕಾಲದ್ದಾ! ವಿಷ್‌ಬೋನ್ ಅನ್ನೋ ಆಪ್ಷನ್ ಪದ್ಧತಿ ಹುಟ್ಟಿದ್ದು ನಮ್ಮೂರಲ್ಲಿ, 1968. ಇಲ್ಲಿನ ಕಾಲೇಜ್ ಟೀಮಿನ ಕೋಚ್ ಎಮೋರಿ ಬೆಲ್ಲಾರ್ಡ್ ಕಟ್ಟಿದ್ದು. ಟೆಕ್ಸಾಸ್ ಲಾಂಗ್‌ಹಾರ್ನ್ಸ್ ಸತತ 30 ಪಂದ್ಯ ಗೆದ್ದರು.

ಹ್ಯೂಸ್ಟನ್ ಭಾವ: ಅದಕ್ಕೂ ಮುಂಚೆ ನಮ್ಮ ಹ್ಯೂಸ್ಟನ್ ಯೂನಿವರ್ಸಿಟಿ ಕೋಚ್ ಬಿಲ್ ಯೋಮನ್ ಇಲ್ಲಿ ವೀರ್ ಓಡಿಸ್ತಿದ್ರು. ಆಸ್ಟಿನ್‌ನವರು ನೋಡಿ ಕಲಿತಿದ್ದು.

ಆಸ್ಟಿನ್ ಮಾವ: ನೋಡಿ ಕಲಿತು ಚಾಂಪಿಯನ್ ಆದ್ರು. ನೀವು?

ಕೋಚ್: ಇಬ್ಬರೂ ಬೇರೆ ಕಡೆ ಹೋಗಿ ಜಗಳ ಆಡಿ. ಸ್ಯಾನ್ ಹೋಸೆಯವರೇ, ಮಾತು ಅರ್ಧ ಸರಿ. ಆದರೆ 2024ರಲ್ಲಿ ಆರ್ಮಿ, ಅಂದರೆ ಸೇನಾ ಅಕಾಡೆಮಿಯ ಕಾಲೇಜ್ ಟೀಮ್, ಇದೇ ಓಟದಿಂದ ತನ್ನ ಕಾನ್ಫರೆನ್ಸ್ (ಕಾಲೇಜ್ ಲೀಗ್) ಗೆದ್ದಿತು. ಝೋನ್ ರೀಡ್ ಕೂಡ ಆಪ್ಷನ್ನೇ. ಕೋಚ್ ರಿಚ್ ರಾಡ್ರಿಗಸ್ 1990ರ ದಶಕದ ಶುರುವಿನಲ್ಲಿ ಗ್ಲೆನ್‌ವಿಲ್ ಸ್ಟೇಟ್ ಅನ್ನೋ ಸಣ್ಣ ಕಾಲೇಜಿನಲ್ಲಿ ಕಟ್ಟಿದ್ದು. ನಿಮ್ಮ ಪಾಸಿಂಗ್ ಟೀಮುಗಳೂ ಅದನ್ನೇ ಓಡಿಸುತ್ತವೆ.

ಫ್ರಿಸ್ಕೋ ಅಪ್ಪ: ⟪ಫಾರ್ವರ್ಡ್⟫ ಯಾವ ಡಿಫೆನ್ಸೂ ತಡೆಯಲಾಗದ 101 ಆಪ್ಷನ್ ಪ್ಲೇಗಳು. ಪಿಡಿಎಫ್. ಎಲ್ಲಾ ಅಪ್ಪಂದಿರೂ ಕೋಚ್‌ಗೆ ಕಳಿಸಿ.

ಕೋಚ್: ಕಳಿಸಬೇಡಿ. ಹದಿನಾರು ವರ್ಷದ ಹುಡುಗ ವಾರಕ್ಕೆ ಒಂದು ಹೊಸ ರೀಡ್ ಕಲಿತರೆ ಹೆಚ್ಚು. 101 ಕೊಟ್ಟರೆ ಒಂದೂ ಬರಲ್ಲ. ಅದರಲ್ಲಿ ಮೊದಲ ಪುಟದಲ್ಲೇ ಸ್ಲಾಟ್ ಬ್ಯಾಕ್ ಹೊರಗೆ ಓಡಿ ಡಿಫೆಂಡರ್‌ನ ಮೊಣಕಾಲಿಗೆ ಬೀಳುವ ಚಿತ್ರ ಇದೆ. ಹೈಸ್ಕೂಲ್ ಆಟದ ರಾಷ್ಟ್ರೀಯ ಸಂಸ್ಥೆ ಎನ್‌ಎಫ್‌ಎಚ್‌ಎಸ್ ನಿಯಮದಲ್ಲಿ ಸೊಂಟದ ಕೆಳಗೆ ಬ್ಲಾಕ್ ಮಾಡಲು ಸ್ನ್ಯಾಪ್ ಹೊತ್ತಿಗೆ ಲೈನ್ ಮೇಲೆ, ಬಾಲ್‌ನ ಆಚೀಚೆ ನಾಲ್ಕು ಗಜದೊಳಗೆ ಇರುವವರಿಗೆ ಮಾತ್ರ ಅವಕಾಶ, ಅದೂ ಸ್ನ್ಯಾಪ್ ಆದ ತಕ್ಷಣ. ಹೊರಗೆ ಮಾಡಿದರೆ 15 ಗಜ ದಂಡ, ಇನ್ನೊಬ್ಬರ ಮಗನ ಮಂಡಿ ಹೋಗುತ್ತದೆ. ಟೆಕ್ಸಾಸ್‌ನವರು ಕಾಲೇಜ್ ಆಟದ, ಅಂದರೆ ಎನ್‌ಸಿಎಎ, ನಿಯಮದಲ್ಲಿ ಆಡುತ್ತಾರೆ, ಅವರೂ ತಮ್ಮ ಪುಸ್ತಕ ನೋಡಿಕೊಳ್ಳಲಿ.

ಟ್ಯಾಂಪಾ ಅಮ್ಮ: ಆಪ್ಷನ್ ಆಡಿದರೆ ಕಾಲೇಜ್ ಸ್ಕಾಲರ್‌ಶಿಪ್ ಸಿಗುತ್ತಾ?

ಕೊಲಂಬಸ್ ಅಕ್ಕ: ಕೋಚ್, ನನ್ನ ಮಗನೂ ಕ್ವಾರ್ಟರ್‌ಬ್ಯಾಕ್. ಆಪ್ಷನ್ ಸೇರಿಸಿದ ಮೇಲೆ ಬಾಲ್ ಕೊಟ್ಟರೂ ಹೊಡೀತಾರೆ, ಇಟ್ಟುಕೊಂಡರೂ ಹೊಡೀತಾರೆ. ಶುಕ್ರವಾರ ಒಂದು ಸಲ ಜೋರಾಗಿ ಬಿದ್ದ. ಆಡಿ ಮುಗಿಸಿದ. ಶನಿವಾರ ತಲೆನೋವು, ಲೈಟ್ ಆರಿಸು ಅಂತಾನೆ. ಯಾರಿಗೂ ಹೇಳಬೇಡ ಅಂತಾನೆ, ಜಾಗ ಹೋಗುತ್ತೆ ಅಂತ ಭಯ.

ಬೆಂಗಳೂರು ಚಿಕ್ಕಪ್ಪ: ⟪ಫಾರ್ವರ್ಡ್⟫ ತಲೆಗೆ ಪೆಟ್ಟಾದರೆ ಬ್ರಾಹ್ಮಿ ಎಣ್ಣೆ ಹಚ್ಚಿ, ಅರಿಶಿನದ ಹಾಲು ಕುಡಿಸಿ ಮಲಗಿಸಿ. ಎರಡೇ ದಿನದಲ್ಲಿ ಮೈದಾನಕ್ಕೆ!

ಕೋಚ್: ಚಿಕ್ಕಪ್ಪ, ಅದನ್ನು ಈಗಲೇ ಅಳಿಸಿ. ಎಣ್ಣೆ ಹಚ್ಚಿ ಮೈದಾನಕ್ಕೆ ಕಳಿಸುವ ವಿಷಯ ಅಲ್ಲ ಇದು.

ಅಕ್ಕ, ಬೆಳಕು ಸಹಿಸಲಾಗದ ತಲೆನೋವು ಅಂದರೆ ಕನ್‌ಕಷನ್ (ಪೆಟ್ಟಿನಿಂದ ಮಿದುಳಿಗೆ ಆದ ಆಘಾತ) ಅಂತಲೇ ಹಿಡಿಯಿರಿ. ಇವತ್ತೇ ಶಾಲೆಯ ಅಥ್ಲೆಟಿಕ್ ಟ್ರೇನರ್‌ಗೂ ಡಾಕ್ಟರಿಗೂ ಹೇಳಿ. ಅನುಮಾನ ಬಂದ ಹುಡುಗನನ್ನು ಆಟದಿಂದ ತೆಗೆಯಬೇಕು, ಲಿಖಿತ ಅನುಮತಿ ಇಲ್ಲದೆ ವಾಪಸ್ ಸೇರಿಸಬಾರದು. ನಮ್ಮ ರಾಜ್ಯದಲ್ಲಿ ಇದು ಕಾನೂನು. ಪೂರ್ತಿ ವಾಸಿಯಾಗುವ ಮುಂಚೆ ಇನ್ನೊಂದು ಪೆಟ್ಟು ಬಿದ್ದರೆ ಜೀವಕ್ಕೇ ಅಪಾಯ. ವಾಂತಿ, ಏರುತ್ತಾ ಹೋಗುವ ತಲೆನೋವು, ಮಾತು ತೊದಲೋದು, ಒಂದು ಕಣ್ಣಿನ ಪಾಪೆ ದೊಡ್ಡದಾಗೋದು, ಎಬ್ಬಿಸಿದರೆ ಏಳದಿರೋದು: ಇದರಲ್ಲಿ ಒಂದು ಕಂಡರೂ 911. ಅವನ ಜಾಗದ ಮಾತು ಆಮೇಲೆ.

ಇನ್ನು ಆಟದ ವಿಷಯ. ಬಾಲ್ ಕೊಟ್ಟ ಮೇಲೆ ಹುಡುಗ ಸುಳ್ಳು ಓಟ ಜಾಸ್ತಿ ಓಡುತ್ತಿದ್ದಾನೆ ಅನ್ನಿಸುತ್ತದೆ. ಕೊಟ್ಟ ಮೇಲೆ ಎರಡು ಹೆಜ್ಜೆ, ಕೈ ಮೇಲೆತ್ತಿ ತೋರಿಸಲಿ, ಸಾಕು. ಇಟ್ಟುಕೊಂಡಾಗ ಜಾರಿ ಕೂರಲಿ ಅಥವಾ ಗೆರೆ ದಾಟಲಿ. ಕ್ವಾರ್ಟರ್‌ಬ್ಯಾಕ್‌ಗೇ ಬಾಲ್ ಹೋಗುವ ಹಾಗೆ ಡಿಫೆನ್ಸ್ ಆಡುತ್ತಿದ್ದರೆ ನಿಮ್ಮ ಕೋಚ್ ಕೆಲವು ಪ್ಲೇಗಳಲ್ಲಿ ರೀಡ್ ತೆಗೆದು 'ಕೊಡು' ಅಂತಲೇ ಕರೆಯಬೇಕು. ಅವರು ಒಪ್ಪದಿದ್ದರೆ ನನಗೆ ಖಾಸಗಿಯಾಗಿ ಬರೆಯಿರಿ.

ಕೊಲಂಬಸ್ ಅಕ್ಕ: ಟ್ರೇನರ್‌ಗೆ ಫೋನ್ ಮಾಡಿದೆ. ಮಗ ಮಾತು ಬಿಟ್ಟಿದ್ದಾನೆ. ಪರವಾಗಿಲ್ಲ.

ಸ್ಯಾನ್ ಹೋಸೆ ಅಪ್ಪ: ಅದಕ್ಕೇ ಹೇಳೋದು, ನಮ್ಮ ಮಕ್ಕಳಿಗೆ ಯಾಕೆ ಈ ಆಟ. ಟೆನಿಸ್ ಇಲ್ವಾ?

ಆಸ್ಟಿನ್ ಮಾವ: ನಿಮಗೆ ಇಷ್ಟ ಇಲ್ಲದಿದ್ರೆ ಈ ಗುಂಪಲ್ಲಿ ಯಾಕಿದ್ದೀರಿ ಸ್ವಾಮಿ?

ಸ್ಯಾನ್ ಹೋಸೆ ಅಪ್ಪ: ಹೆಂಡತಿ ಸೇರಿಸಿದ್ದು.

ಬೆಂಗಳೂರು ಚಿಕ್ಕಪ್ಪ: ಒಳ್ಳೇದು ಹೇಳಕ್ಕೆ ಹೋದ್ರೆ ಅಳಿಸಿ ಅಂತಾರೆ. ನಮ್ಮ ಕಾಲದಲ್ಲಿ ಯಾವ ಟ್ರೇನರ್ ಇದ್ದ?

ಎಡಿಸನ್ ಅಮ್ಮ: ಅಳಿಸಿ ಅಂದ್ರೆ ಅಳಿಸಿ. ವಾದ ಬೇಡ.

ಅಡ್ಮಿನ್: ನಾನೇ ಅಳಿಸಿದ್ದೇನೆ. ಇನ್ನೊಂದು ಫಾರ್ವರ್ಡ್ ಬಂದರೆ ಕಳಿಸಿದವರನ್ನೂ ತೆಗೆಯುತ್ತೇನೆ.

ಫ್ರಿಸ್ಕೋ ಅಪ್ಪ: ಕೋಚ್, ಹಾಗಾದ್ರೆ ಒಟ್ಟಾರೆ ಝೋನ್ ರೀಡಾ, ವೀರಾ?

ಕೋಚ್: ಮೇಲೆ ಓದಿ.

ರಾಲಿ ಅಪ್ಪ: ಕೋಚ್, ಹೆಡ್ ಕೋಚ್ ಆರ್ಕ್ ಒಪ್ಪಿದರು. ಒಂದೇ ತೊಂದರೆ. ನಮ್ಮ ಎಚ್-ಬ್ಯಾಕ್ ಎಂಡ್‌ನನ್ನು ದಾಟುವಾಗ ಭುಜ ತಾಗಿಸಿಯೇ ಹೋಗ್ತಾನೆ. ಎಂಡ್ ನಿಂತುಬಿಡ್ತಾನೆ.

ಕೋಚ್: ಅವನು ಹೊರಡುವ ಕೋನ ಸರಿ ಇಲ್ಲ, ಅಥವಾ ಎಂಡ್‌ಗೆ ತೀರಾ ಹತ್ತಿರ ನಿಂತಿದ್ದಾನೆ. ಬದಿಯಿಂದ ತೆಗೆದ ವಿಡಿಯೊದಲ್ಲಿ ಇದು ಕಾಣಲ್ಲ. ಎಂಡ್ ಝೋನ್ ಕಡೆಯಿಂದ ತೆಗೆದದ್ದು ನಾಲ್ಕೈದು ಕ್ಲಿಪ್ ಕಳಿಸಿ. ಬಾಲ್ ಕೊಟ್ಟದ್ದು ಎರಡು, ಇಟ್ಟುಕೊಂಡದ್ದು ಎರಡಾದರೂ ಇರಲಿ. ಗುಂಪಿಗೆ ಹಾಕಬೇಡಿ, ನನಗೆ ಮಾತ್ರ.