ಹಳೇ ಸಿವಿಟಿ ಗಾಡಿ, 92 ಸಾವಿರ ಓಡೈತೆ, ಗೇರ್‌ಬಾಕ್ಸ್ ಆಯಿಲ್ ಚೇಂಜ್ ಮಾಡಿಸ್ಲಾ ಬ್ಯಾಡಾ?

ಬಳ್ಳಾರಿ_ಬಿಸಿಲು:
ಎಲ್ರಿಗೂ ನಮಸ್ಕಾರ. ನಮ್ದು 2017ರ ಏಳು ಸೀಟಿನ ಪೆಟ್ರೋಲ್ ಆಟೋಮ್ಯಾಟಿಕ್, ಸಿವಿಟಿ, ಸೆಕೆಂಡ್ ಹ್ಯಾಂಡ್ ತಗಂಡಿದ್ದು. ಇಂಜಿನ್ ಆಯಿಲ್ ಬಿಲ್ ಎಲ್ಲಾ ಅದಾವೆ, ಗೇರ್‌ಬಾಕ್ಸ್ ಆಯಿಲ್ ಬಿಲ್ ಒಂದೂ ಇಲ್ಲ. ಮೊನ್ನೆ ಮನೆಮಂದಿನೆಲ್ಲಾ ತುಂಬ್ಕಂಡು ಸಂಡೂರು ಕುಮಾರಸ್ವಾಮಿ ಗುಡಿಗೆ ಹೋದ್ವಿ, ಎಸಿ ಆನ್, ಮುಂದೆ ಅದಿರು ಲಾರಿ, ಅದರ ಹಿಂದೆ ತೆವಳ್ಕಂಡು ಬೆಟ್ಟ ಹತ್ತೋವಾಗ ಆರ್‌ಪಿಎಂ ಮ್ಯಾಲೆ ಹೋಗ್ತೈತೆ ಸ್ಪೀಡ್ ಮಾತ್ರ ಏರ್ತಿಲ್ಲ, ಆಮೇಲೆ ಗಾಡಿ ಎಳೆಯೋದೇ ಕಮ್ಮಿ ಆಯ್ತು. ಸೈಡಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟ ಮ್ಯಾಲೆ ಸರಿ ಆಯ್ತು. ಊರಾಗೂ ರಾಯಲ್ ಸರ್ಕಲ್ ಹತ್ರ ಸಿಗ್ನಲ್ ಬಿಟ್ಟಾಗ ನಿಧಾನಕ್ಕೆ ಎತ್ತಿದ್ರೆ ಸಣ್ಣಗೆ ನಡುಗ್ತೈತೆ. ಒಬ್ಬ ಮೆಕ್ಯಾನಿಕ್ "ಬಾಕ್ಸ್ ಹೋಗೈತೆ, ಲಕ್ಷದ ಮ್ಯಾಲೆ ಆಗ್ತೈತೆ" ಅಂತಾನೆ, ಇನ್ನೊಬ್ಬ "ಅದು ಲೈಫ್‌ಟೈಮ್ ಆಯಿಲ್, ಮುಟ್ಟಿದ್ರೆ ಕೆಡ್ತೈತೆ" ಅಂತಾನೆ. ಯಾರ ಮಾತು ಕೇಳ್ಲಿ?

ಕೊಪ್ಪಳ_ಗಾಡಿಹುಚ್ಚು:
ಅಣ್ಣ, ಇಬ್ರದೂ ಕೇಳಬ್ಯಾಡ್ರಿ. ಸಿವಿಟಿ ಒಳಗ ಫಸ್ಟು ಸೆಕೆಂಡು ಅಂತ ಗೇರ್ ಇರಂಗಿಲ್ಲ, ಎರಡು ಪುಲ್ಲಿ, ನಡುವ ಒಂದು ಸ್ಟೀಲ್ ಬೆಲ್ಟ್, ಗಿರಣಿ ಪಟ್ಟಾ ಇದ್ದಂಗ ಅನ್ಕೋರಿ, ಆದ್ರ ಇಲ್ಲಿ ಪುಲ್ಲಿನ ಎರಡು ಕಡೆ ಹತ್ರ ಬರ್ತಾವು, ದೂರ ಹೋಗ್ತಾವು, ಅದರ ಮ್ಯಾಲ ಬೆಲ್ಟ್ ಮ್ಯಾಲ ಕೆಳಗ ಆಗ್ತೈತಿ. ಪುಲ್ಲಿ ಒತ್ತಿ ಹಿಡಿಯೋದು ಆಯಿಲ್ ಪ್ರೆಷರ್. ತಂಪು ಮಾಡೋದೂ ಅದ ಆಯಿಲ್, ಬೆಲ್ಟ್ ಜಾರದಂಗ ಹಿಡಿತ ಕೊಡೋದೂ ಅದ ಆಯಿಲ್. ಅದು ಸತ್ತಿತಂದ್ರ ಬೆಲ್ಟ್ ಜಾರ್ತೈತಿ, ಪುಲ್ಲಿಗೆ ಗೀರು ಬೀಳ್ತಾವು, ಆಮ್ಯಾಲ ಎಂಥಾ ಹೊಸ ಆಯಿಲ್ ಹಾಕಿದ್ರೂ ಗೀರು ಹೋಗಂಗಿಲ್ಲ. ಲೈಫ್‌ಟೈಮ್ ಅಂತಾರಲ್ಲ, ಯಾರ ಲೈಫು ಅಂತ ಕೇಳ್ಬೇಕ್ರಿ ಅವರ್ನ. ನಮ್ಮ ಕಡೆ ಬ್ಯಾಸಗ್ಯಾಗ 40 ಡಿಗ್ರಿ ದಾಟ್ತೈತಿ, ನಾನಂತೂ 40 ಸಾವಿರ ಕಿಮೀಗೊಮ್ಮೆ ಹಾಕ್ಸ್ತೀನಿ.

ಲೋಡ್ ಇದ್ದಾಗ ಆರ್‌ಪಿಎಂ ಮೊದ್ಲ ಏರಿ ಸ್ಪೀಡ್ ಹಿಂದಿಂದ ಬರೋದು ಸಿವಿಟಿ ಸ್ವಭಾವ, ಅದಕ್ಕ ಹೆದ್ರಬ್ಯಾಡ್ರಿ. ಎಳಿಯೋದು ಕಮ್ಮಿ ಆಗಿ ತಂಪಾದ ಮ್ಯಾಲ ಸರಿ ಆತು ಅಂದ್ರ ಬಿಸಿ ಜಾಸ್ತಿ ಆಗಿ ಕಂಪ್ಯೂಟರೇ ಪವರ್ ಇಳಿಸಿರಬೇಕು. ಸ್ಕ್ಯಾನರ್ ಹಾಕ್ಸಿ ಕಂಪ್ಯೂಟರ್‌ನಾಗ ಉಳಿದಿರೋ ಫಾಲ್ಟ್ ಕೋಡ್ ಓದ್ಸ್ರಿ, ಅದನ್ನ ನೋಡ್ದೆ ಬಾಕ್ಸ್ ಹೋಗೈತಿ ಅಂದವನ ಕೈಗೆ ಗಾಡಿ ಕೊಡಬ್ಯಾಡ್ರಿ.

ರಾಯಚೂರು_ರೋಡು:
ನಡುಗೋದಕ್ಕ ಎಲ್ಲಾ ಸಲ ಗೇರ್‌ಬಾಕ್ಸೇ ಕಾರಣ ಇರಂಗಿಲ್ರೀ. ಸ್ಪಾರ್ಕ್ ಪ್ಲಗ್, ಥ್ರಾಟಲ್ ಬಾಡಿ (ಇಂಜಿನ್‌ಗೆ ಗಾಳಿ ಬಿಡೋ ಭಾಗ), ಇಂಜಿನ್ ಮೌಂಟ್ (ಇಂಜಿನ್ ಹಿಡಿದಿರೋ ರಬ್ಬರ್), ಈ ಮೂರು ಮೊದಲು ನೋಡಿಸ್ರಿ, ಕಮ್ಮಿ ಖರ್ಚಿಂದು. ಇನ್ನ ನಿಮ್ಮ ಕಡೆ ಕೆಂಪು ಧೂಳ್ ಅದಲ್ಲ, ತೋರಣಗಲ್ಲು ರೋಡಿಗೆ ದಿನಾ ಓಡಾಡೋ ಗಾಡಿ ಆದ್ರ ರೇಡಿಯೇಟರ್ ಜಾಲಿ ನೋಡ್ರಿ, ಮಣ್ಣು ಮೆತ್ತಿ ಗಾಳಿನೇ ಹೋಗ್ತಿರಂಗಿಲ್ಲ. ಬಹಳ ಗಾಡ್ಯಾಗ ಗೇರ್‌ಬಾಕ್ಸ್ ಆಯಿಲ್ ತಂಪಾಗೋದು ಕೂಲಂಟ್ ಮ್ಯಾಲೆನೇ, ಅಲ್ಲಿ ಅಡ್ಡಿ ಆದ್ರ ಬಾಕ್ಸೂ ಕುದೀತದ. ನೀರು ಪ್ರೆಷರ್ ಜೋರ್ ಹಚ್ಚಿ ಹೊಡಿಬ್ಯಾಡ್ರಿ, ಜಾಲಿ ಮಡಚಿ ಹೋಗ್ತದ.

ಬಳ್ಳಾರಿ_ಬಿಸಿಲು:
ಜಾಲಿ ನೋಡ್ದೆ, ಇಟ್ಟಂಗಿ ಬಣ್ಣ ಆಗೈತೆ 😅 ಆಯಿಲ್ ವಿಚಾರ ಒಂದು ಕೇಳ್ಬೇಕು, ಇಲ್ಲಿ ಅಂಗಡಿಯವ್ರು ಮಾಮೂಲಿ ಎಟಿಎಫ್ (ಗೇರ್ ಇರೋ ಆಟೋಮ್ಯಾಟಿಕ್ ಬಾಕ್ಸಿನ ಆಯಿಲ್) ಕೊಡ್ತೀವಿ, ಎಲ್ಲಾ ಆಟೋಮ್ಯಾಟಿಕ್‌ಗೂ ನಡೀತೈತೆ ಅಂತಾರೆ. ಫ್ಲಶಿಂಗ್ ಮಷೀನ್ ಹಚ್ಚಿ ಪೂರ್ತಿ ತೆಗಿತೀವಿ ಅಂತಾನೂ ಒಬ್ರು ಹೇಳಿದ್ರು.

ಕೊಪ್ಪಳ_ಗಾಡಿಹುಚ್ಚು:
ಎಟಿಎಫ್ ಬ್ಯಾಡೇ ಬ್ಯಾಡ! ಅದು ಬೇರೆ ಥರದ ಬಾಕ್ಸಿಗೆ ಮಾಡಿದ್ದು, ಇದರಾಗ ಹಾಕಿದ್ರ ಬೆಲ್ಟಿಗೆ ಹಿಡಿತ ಸಿಗಂಗಿಲ್ಲ. ಮ್ಯಾನುಯಲ್‌ನಾಗ ಬರೆದಿರೋದ ತರ್ರಿ, ಹೋಂಡಾ ಆದ್ರ ಎಚ್‌ಸಿಎಫ್-2, ನಿಸ್ಸಾನ್ ಆದ್ರ ಎನ್‌ಎಸ್-2 ಇಲ್ಲಾ ಎನ್‌ಎಸ್-3, ಒಂದೊಂದಕ್ಕ ಒಂದೊಂದು ಐತಿ. ಮಷೀನೂ ಬ್ಯಾಡ, ಡ್ರೈನ್ ಮಾಡಿ ತುಂಬಿದ್ರ ಸಾಕು. ಒಂದೇ ಸಲಕ್ಕ ಹಳೇದು ಪೂರ್ತಿ ಬರಂಗಿಲ್ಲ, ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿನ ಆಯಿಲ್ ಮೂಲಕ ಬಾಕ್ಸಿಗೆ ಕೊಡೋ ಭಾಗ) ಒಳಗ ಉಳಿತೈತಿ, ಅದಕ್ಕ ಸ್ವಲ್ಪ ದಿನ ಓಡ್ಸಿ ಇನ್ನೊಂದು ಸಲ ಮಾಡಿಸ್ರಿ.

ಡ್ರೈನ್ ಬೋಲ್ಟ್ ಬಿಚ್ಚುವಾಗ ನೀವ ನಿಂತ್ಕೊಂಡು ನೋಡ್ರಿ. ಮ್ಯಾಗ್ನೆಟ್ ಮ್ಯಾಲ ಬೂದಿ ಬಣ್ಣದ ಪೇಸ್ಟ್ ಇರ್ತೈತಿ, ಬೆರಳಾಗ ತಿಕ್ಕಿದ್ರ ನುಣ್ಣಗ ಕಾಡಿಗಿ ಇದ್ದಂಗ ಹರಡಿದ್ರ ಅದು ಮಾಮೂಲಿ ಸವೆತ. ಹೊಳಿಯೋ ಚೂರು, ಚುಚ್ಚೋ ತುಣುಕು ಸಿಕ್ರ ಅಲ್ಲಿಗೇ ನಿಲ್ಲಿಸಿ ಬಾಕ್ಸ್ ಸ್ಪೆಷಲಿಸ್ಟ್ ಹತ್ರ ಹೋಗ್ರಿ. ಆಯಿಲ್ ಸೀದ ವಾಸನಿ ಬಂದ್ರೂ ಹಂಗ. ಲೆವೆಲ್ ಅಂದಾಜಿಗೆ ಬ್ಯಾಡ, ಕಂಪನಿ ಹೇಳಿದ ಟೆಂಪರೇಚರ್‌ಗೇ ನೋಡ್ಬೇಕು, ಹೆಚ್ಚಾದ್ರೂ ನೊರಿ ಎದ್ದು ಪ್ರೆಷರ್ ಬೀಳ್ತೈತಿ.

ಹೊಸಪೇಟೆ_ಹುಡುಗ:
ನನ್ನ ಕೇಳಿದ್ರೆ ಮಾರಿ ಡೀಸೆಲ್ ಮ್ಯಾನುಯಲ್ ತಗಳ್ಳಿ ಬ್ರೋ, ಬೆಟ್ಟಕ್ಕೆ ಅದೇ ಸರಿ.

ರಾಯಚೂರು_ರೋಡು:
ತಮ್ಮಾ, ಅವರು ಕೇಳಿದ್ದು ಆಯಿಲ್ ಬಗ್ಗೆ 😄 ಇನ್ನೊಂದು ಮಾತು, ಏರಿನ್ಯಾಗ ನಿಂತಾಗ ಆಕ್ಸಿಲರೇಟರ್ ಮ್ಯಾಲೆ ಗಾಡಿ ಹಿಡಿಬ್ಯಾಡ್ರಿ, ಬ್ರೇಕ್ ಹಿಡೀರಿ. ಲಾರಿ ಹಿಂದ ಅಂಗುಲ ಅಂಗುಲ ಹೋಗೋಕಿಂತ ನಿಂತು ಜಾಗ ಬಿಟ್ಟು ಒಮ್ಮೆಗೇ ಹೋಗ್ರಿ. ಇಳಿಯುವಾಗ ಲಿವರ್ ಎಲ್‌ನಾಗ (ಲೋ) ಹಾಕ್ರಿ. ರಿವರ್ಸ್‌ನಿಂದ ಡಿಗೆ (ಡ್ರೈವ್) ಹಾಕೋದು ಗಾಡಿ ಪೂರ್ತಿ ನಿಂತ ಮ್ಯಾಲೆನೇ. ಎಲ್ಲರ ಕೆಟ್ಟು ನಿಂತ್ರ ಹಗ್ಗ ಕಟ್ಟಿ ಎಳಿಸಬ್ಯಾಡ್ರಿ, ಗಾಡಿನ ಮ್ಯಾಲೆ ಏರಿಸ್ಕೊಂಡು ಒಯ್ಯೋ ಫ್ಲಾಟ್‌ಬೆಡ್ ಲಾರಿ ತರಿಸ್ರಿ.

ಬಳ್ಳಾರಿ_ಬಿಸಿಲು:
ಥ್ಯಾಂಕ್ಸ್ ಅಣ್ಣೋರೆ. ಪ್ಲಗ್ಗು, ಜಾಲಿ ಕ್ಲೀನಿಂಗು ಈ ವಾರನೇ ಮಾಡಿಸ್ತೀನಿ, ಸ್ಕ್ಯಾನರ್ ಇರೋ ಗ್ಯಾರೇಜ್ ಹೊಸಪೇಟೆ ರೋಡಾಗೆ ಒಂದೈತೆ. ಆಯಿಲ್ ಬಂದ ಮ್ಯಾಲೆ ಮ್ಯಾಗ್ನೆಟ್ ಫೋಟೋ ಹಾಕ್ತೀನಿ, ನೋಡಿ ಹೇಳಿ.